ಜೀಪಿನ ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುವ ಮುನ್ನ

ಮೈಂದರ್ಗಿಯ ಡಾಂಬರು ರಸ್ತೆ ಬಿಟ್ಟು ಹೊಲದ ಹಾದಿಗೆ ಇಳಿದರೆ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುವ ಈ ನೆಲ, ಸೆಪ್ಟೆಂಬರಿನ ಮಳೆ ಬಿದ್ದಮೇಲೆ ಚಕ್ರಕ್ಕೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಅಕ್ಕಲಕೋಟೆ ತಾಲ್ಲೂಕಿನ ಈ ಊರು, ಪಕ್ಕದ ದುಧನಿ, ಗಡಿಯಾಚೆಯ ಅಫಜಲಪುರ, ಎಲ್ಲ ಕಡೆಯೂ ಇಂಥ ಹಾದಿಗೆ ಜನ ನೆಚ್ಚಿಕೊಂಡದ್ದು ಮಹೀಂದ್ರಾ ಜೀಪು, ಬೊಲೆರೊಗಳನ್ನು. ಹಳೆಯ ಜೀಪಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬೊಲೆರೊಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. 2024ರಲ್ಲಿ ಬಂದ ಥಾರ್ ರಾಕ್ಸ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ನಾಲ್ಕೂ ಕಡೆ ಡಿಸ್ಕ್ ಕಂಡಮೇಲೆ, ನಮ್ಮ ಗಾಡಿಯ ಹಿಂದಿನ ಡ್ರಮ್ಮನ್ನೂ ಕಿತ್ತು ಡಿಸ್ಕ್ ಹಾಕಿಸಿದರೆ ಹೇಗೆ ಎಂಬ ಆಸೆ ಹುಟ್ಟುವುದು ಸಹಜ.

ಆಸೆಗೆ ಕಾರಣವೂ ಇದೆ. ಮಳೆಗಾಲ ಮುಗಿದಮೇಲೆ ಹಿಂದಿನ ಡ್ರಮ್ ಬಿಚ್ಚಿಸಿ ನೋಡಿ. ಒಳಗಿನ ತಟ್ಟೆಗೆ ಒಣಗಿದ ಎರೆಮಣ್ಣು ಹೆಕ್ಕಳಿಕೆಯಾಗಿ ಅಂಟಿರುತ್ತದೆ, ಅದರ ಜೊತೆ ಲೈನರ್ ಸವೆದ ಕಪ್ಪು ಪುಡಿ. ಡ್ರಮ್ಮಿನ ಒಳಮೈಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರುಗಳು. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಕೆಲವೊಮ್ಮೆ ಬ್ರೇಕ್ ಆಯಿಲ್ ಜಿನುಗಿರುತ್ತದೆ. (ಆ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.) ಹಳ್ಳ ದಾಟುವಾಗ ಡ್ರಮ್ಮಿನೊಳಗೆ ಹೊಕ್ಕ ನೀರು ಬೇಗ ಹೊರಬರುವುದಿಲ್ಲ. ಅಷ್ಟು ಹೊತ್ತು ಬ್ರೇಕ್ ಹಿಡಿಯುವುದೂ ಇಲ್ಲ. ಡಿಸ್ಕ್ ಬಯಲಿಗಿರುವುದರಿಂದ ತಿರುಗುತ್ತಲೇ ನೀರನ್ನು ಎರಚಿಬಿಡುತ್ತದೆ, ಉಳಿದದ್ದನ್ನು ಪ್ಯಾಡ್ ಒರೆಸುತ್ತದೆ.

ಶಾಖದ ವಿಷಯದಲ್ಲೂ ಡಿಸ್ಕ್ ಮೇಲು. ಬ್ರೇಕ್ ಅಂದರೆ ಚಲನೆಯನ್ನು ಶಾಖವಾಗಿ ಬದಲಿಸುವ ಸಾಧನ. 1,800 ಕಿಲೋ ತೂಕದ ಗಾಡಿ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 4.4 ಲಕ್ಷ ಜೌಲ್. ಒಂದು ಲೀಟರಿಗಿಂತ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು, ಮತ್ತು ಇದಷ್ಟೂ ಒಂದೇ ಸಲ ನಿಲ್ಲಿಸುವಾಗ ಹುಟ್ಟುತ್ತದೆ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಕಾದ ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಬರುತ್ತದೆ. ಆದರೆ ಸೊಲ್ಲಾಪುರ ಸೀಮೆಯಲ್ಲಿ ಉದ್ದುದ್ದ ಘಾಟಿಗಳಿಲ್ಲ. ಬಯಲು ನಾಡಿನ ಹೊಲದ ಹಾದಿಯಲ್ಲಿ ನಿಧಾನಕ್ಕೆ ಹೋಗುವ ಗಾಡಿಯ ಹಿಂದಿನ ಡ್ರಮ್ ಕಾದು ಸೋಲುವುದು ಅಪರೂಪ.

ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಬೇಕು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಬ್ರೇಕ್ ಒತ್ತಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 240 ಸೆಂ.ಮೀ., ನೆಲದಿಂದ ಗುರುತ್ವಕೇಂದ್ರ 70 ಸೆಂ.ಮೀ. ಎತ್ತರ, ನಿಂತಾಗ ಭಾರ ಮುಂದೆ ಹಿಂದೆ ಸಮಸಮ ಎಂದುಕೊಳ್ಳಿ. ಒಣ ಡಾಂಬರಿನ ಮೇಲೆ ಗುರುತ್ವದ ಶೇ. 70ರಷ್ಟು ಬಿರುಸಾಗಿ ಬ್ರೇಕ್ ಹಾಕಿದರೆ ಒಟ್ಟು ಭಾರದ ಶೇ. 20ರಷ್ಟು ಮುಂದಕ್ಕೆ ಹೋಗುತ್ತದೆ. ಮುಂದೆ 70, ಹಿಂದೆ ಬರೀ 30. ದೊಡ್ಡ ಟೈರ್, ಲಿಫ್ಟ್ ಕಿಟ್ ಹಾಕಿಸಿ ಗಾಡಿಯ ಗುರುತ್ವಕೇಂದ್ರ ಇನ್ನೂ 10 ಸೆಂ.ಮೀ. ಎತ್ತರವಾದರೆ ಹಿಂದೆ ಉಳಿಯುವುದು 27. ಭಾರ ಕಡಿಮೆಯಾದ ಚಕ್ರದ ಮೇಲೆ ಬ್ರೇಕ್ ಜೋರಾದರೆ ಅದು ತಿರುಗುವುದನ್ನು ಬಿಟ್ಟು ಜಾರುತ್ತದೆ. ಮುಂದಿನ ಚಕ್ರ ಜಾರಿದರೆ ಸ್ಟೇರಿಂಗ್ ಮಾತು ಕೇಳದಿದ್ದರೂ ಗಾಡಿ ನೇರ ಹೋಗುತ್ತದೆ. ಹಿಂದಿನದು ಮೊದಲು ಜಾರಿದರೆ ಬಾಲ ಪಕ್ಕಕ್ಕೆ ಹೊರಳಿ ಗಾಡಿ ಗಿರಕಿ ಹೊಡೆಯುತ್ತದೆ. ಎತ್ತರದ ಗಾಡಿ ಮಗುಚಲೂಬಹುದು. ಹಾಗಾಗಿ ಹಿಂದಿನ ಬ್ರೇಕ್ ಹೆಚ್ಚು ಬಲವಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಪಾಯಕಾರಿ. ಕಂಪನಿಗಳು ದಶಕಗಳ ಕಾಲ ಹಿಂದೆ ಡ್ರಮ್ಮನ್ನೇ ಉಳಿಸಿಕೊಂಡದ್ದು ದುಡ್ಡು ಉಳಿಸಲು ಮಾತ್ರವಲ್ಲ, ಅಲ್ಲಿ ಅಷ್ಟು ಬಲ ಸಾಕಾಗಿತ್ತು.

ಡ್ರಮ್ಮಿಗೆ ತನ್ನದೇ ಒಂದು ಜಾಣ್ಮೆಯಿದೆ. ತಿರುಗುವ ಡ್ರಮ್ ಒಂದು ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿಸಿಕೊಳ್ಳುತ್ತದೆ. ಕಾಲಿನ ಬಲ ಕಡಿಮೆ ಸಾಕು. ಡಿಸ್ಕಿಗೆ ಈ ಗುಣವಿಲ್ಲ, ಒತ್ತಿದಷ್ಟೇ ಹಿಡಿಯುತ್ತದೆ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ, ಅದು ಹೆಸರು ಮಾಡಿದ್ದು 1953ರ ಲ ಮಾನ್ ರೇಸಿನಲ್ಲಿ ಜಾಗ್ವಾರ್ ಗೆದ್ದಮೇಲೆ. ಬೂಸ್ಟರ್ ಇಲ್ಲದ ಹಳೆಯ ಜೀಪಿಗೆ ಡಿಸ್ಕ್ ಹಾಕಿಸಿದವರು ಪೆಡಲ್ ಕಲ್ಲಾಯಿತು ಎನ್ನುವುದು ಇದೇ ಕಾರಣಕ್ಕೆ.

ಆದ್ದರಿಂದ ಡಿಸ್ಕ್, ಕ್ಯಾಲಿಪರ್, ಲೇತಿನಲ್ಲಿ ಮಾಡಿಸಿದ ಬ್ರಾಕೆಟ್ ಇಷ್ಟರಲ್ಲೇ ಕೆಲಸ ಮುಗಿಯುವುದಿಲ್ಲ. ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ವೀಲ್ ಸಿಲಿಂಡರಿಗಿಂತ ಹೆಚ್ಚು ಆಯಿಲ್ ಕೇಳುತ್ತದೆ. ಅದಕ್ಕೆ ಮಾಸ್ಟರ್ ಸಿಲಿಂಡರ್ ಅಗಲ ಮಾಡಿದರೆ ಅದೇ ಕಾಲೊತ್ತಿಗೆ ಸಿಗುವ ಒತ್ತಡ ಕಡಿಮೆಯಾಗುತ್ತದೆ. ಡ್ರಮ್ ವ್ಯವಸ್ಥೆಯ ಪೈಪಿನಲ್ಲಿ ಚದರ ಅಂಗುಲಕ್ಕೆ ಸುಮಾರು 10 ಪೌಂಡ್ ಒತ್ತಡವನ್ನು ಸದಾ ಹಿಡಿದಿಡುವ ಚಿಕ್ಕ ವಾಲ್ವ್ ಇರುತ್ತದೆ. ಅದನ್ನು ತೆಗೆಯದಿದ್ದರೆ ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇದ್ದು ಚಕ್ರ ಕಾಯುತ್ತದೆ. ಹಳೆಯ ಜೀಪುಗಳ ಮಾಸ್ಟರ್ ಸಿಲಿಂಡರ್ ಕಾಲ ಕೆಳಗೆ, ಚಾಸಿಗೆ ಕೂತಿರುತ್ತದೆ. ಅದು ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದರೆ ಆಯಿಲ್ ಹಿಂದಕ್ಕೆ ಹರಿಯದಂತೆ 2 ಪೌಂಡಿನ ಬೇರೆ ವಾಲ್ವ್ ಬೇಕು. ಹ್ಯಾಂಡ್ ಬ್ರೇಕಿಗೂ ದಾರಿ ಹುಡುಕಬೇಕು: ಕೇಬಲ್ ಕೊಂಡಿ ಇರುವ ಕ್ಯಾಲಿಪರ್, ಇಲ್ಲವೇ ಡಿಸ್ಕಿನ ನಡುವೆಯೇ ಚಿಕ್ಕ ಡ್ರಮ್ ಇರುವ ಮಾದರಿ. ಎಬಿಎಸ್ ಇರುವ ಗಾಡಿಗಂತೂ ಇದು ಬೇಡವೇ ಬೇಡ. ಅದರ ಲೆಕ್ಕವೆಲ್ಲ ಮೂಲ ಬ್ರೇಕಿಗೆ ಹೊಂದಿಸಿದ್ದು.

ಎರೆಮಣ್ಣಿನಲ್ಲಿ ಡಿಸ್ಕಿಗೂ ಕಷ್ಟ ತಪ್ಪಿದ್ದಲ್ಲ. ಮರಳು, ಗರಸು ಬೆರೆತ ಕೆಸರು ಪ್ಯಾಡನ್ನು ಬೇಗ ತಿನ್ನುತ್ತದೆ. ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಒಂದು ಕಲ್ಲು ಸಿಕ್ಕರೆ ಕಿರಿಚುತ್ತದೆ. ನನ್ನನ್ನು ಕೇಳಿದರೆ, ಈ ಸೀಮೆಯ ಬಹುಪಾಲು ಗಾಡಿಗಳಿಗೆ ವರ್ಷಕ್ಕೊಮ್ಮೆ ಮಳೆಗಾಲದ ಬೆನ್ನಿಗೇ ಡ್ರಮ್ ಬಿಚ್ಚಿ ತೊಳೆಸಿ, ಶೂ ಹೊಂದಿಸಿ, ನೀರು ಹೀರಿದ ಬ್ರೇಕ್ ಆಯಿಲ್ ಬದಲಿಸುವುದೇ ಹೆಚ್ಚು ಲಾಭ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ದಾಟಿದಮೇಲೆ ಕುದಿಯಬೇಕು, ನೀರು ಹೀರಿದಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮೇಲಿಂದ ಮೇಲೆ ಹಳ್ಳ ದಾಟುವವರಿಗೆ ಮಾತ್ರ ಡಿಸ್ಕಿನ ಖರ್ಚು ಸಾರ್ಥಕ.

ಹಾಗೆ ಮಾಡಿಸುವವರು ಮೊದಲು ಸೊಲ್ಲಾಪುರದ ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಬಳಿಯೂ ಕೇಳಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳಿಗೆ ಕಡಿವಾಣ ಹಾಕಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಪ್ಪಿಗೆ ಸಿಕ್ಕು ಕೆಲಸ ಮುಗಿದಮೇಲೆ, ಹಿಂದಿನ ಪೈಪಿನ ಒತ್ತಡ ಹೊಂದಿಸುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕಿಸಿ, ಖಾಲಿ ಮೈದಾನದಲ್ಲಿ ಗಾಡಿಯಲ್ಲಿ ಒಬ್ಬರೇ ಕೂತು ಗಂಟೆಗೆ 30 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ, ಹೊರಗೆ ದೂರದಲ್ಲಿ ನಿಂತವರು ಯಾವ ಚಕ್ರ ಮೊದಲು ಜಾರಿತೆಂದು ನೋಡಬೇಕು. ಹಿಂದಿನದು ಮೊದಲಾದರೆ ವಾಲ್ವ್ ತಿರುಗಿಸಿ ಒತ್ತಡ ಇಳಿಸಿ ಮತ್ತೆ ಪರೀಕ್ಷಿಸಬೇಕು. ಜನ ತುಂಬಿದಾಗ ಹಿಂದೆ ಭಾರ ಹೆಚ್ಚಿ ಅಲ್ಲಿನ ಬ್ರೇಕ್ ಸ್ವಲ್ಪ ಕಡಿಮೆ ಎನಿಸಬಹುದು. ಅದಕ್ಕೆಂದು ವಾಲ್ವನ್ನು ಮತ್ತೆ ಬಿಗಿ ಮಾಡದೆ ಖಾಲಿ ಗಾಡಿಗೆ ಹೊಂದಿಸಿದ್ದನ್ನೇ ಉಳಿಸಿಕೊಳ್ಳಬೇಕು.