ನಿಬ್ಬಿನ ತುದಿ ನೋಡಿ, ಆಮೇಲೆ ಬೆಲೆ ಕೇಳಿ

ಮಾಂಟ್‌ಬ್ಲಾಂಕ್ ಮೈಸ್ಟರ್‌ಸ್ಟುಕ್ 149. 1952ರಲ್ಲಿ ಬಂದ, ದಪ್ಪ ಕಪ್ಪು ಫೌಂಟನ್ ಪೆನ್ನು. ನಿಬ್ಬಿನ ಮೇಲಿನ 4810 ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರದ ಎತ್ತರ, ಮೀಟರುಗಳಲ್ಲಿ. 750 ಎಂದಿದ್ದರೆ 18 ಕ್ಯಾರೆಟ್ ಚಿನ್ನ. ಬೇರೆ ಪೆನ್ನುಗಳಲ್ಲಿ ಕಾಣುವ 585 ಅಂದರೆ 14 ಕ್ಯಾರೆಟ್.

ಕೊಳ್ಳುವವರು ಮರುಳಾಗುವುದು ಈ ಅಂಕಿಗಳಿಗೇ. ಕಾಗದ ಮುಟ್ಟುವುದು ಮಾತ್ರ ಚಿನ್ನವಲ್ಲ! ಚಿನ್ನ ಮೆದು, ಬೇಗ ಸವೆಯುತ್ತದೆ. ಅದಕ್ಕೇ ತುದಿಗೆ ಆಸ್ಮಿಯಂ, ರುಥೇನಿಯಂನಂಥ ಗಡಸು ಲೋಹಗಳ ಪುಟ್ಟ ಗುಂಡು ಬೆಸೆದಿರುತ್ತಾರೆ. ಪೆನ್ನಿನ ಹಣೆಬರಹ ಇರುವುದು ಅಲ್ಲಿ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದರೆ ಎಲ್ಲ ಬಯಲು. ನಿಬ್ಬಿನ ಸೀಳು ಗುಂಡಿನ ನಟ್ಟನಡುವೆ ಹಾದಿರಬೇಕು, ತುದಿಯತ್ತ ಕಿರಿದಾಗುತ್ತಾ ಬರಬೇಕು. ಎದುರಿನಿಂದ ನೋಡಿದರೆ ಎರಡೂ ಹೋಳು ಒಂದೇ ಮಟ್ಟದಲ್ಲಿರಬೇಕು. ಒಂದು ಕೂದಲೆಳೆಯಷ್ಟು ಮೇಲೆದ್ದಿದ್ದರೂ ಕಾಗದ ಕೆರೆಯುತ್ತದೆ. ಸೀಳಿನ ಒಳಅಂಚನ್ನು ಅತಿಯಾಗಿ ನುಣುಪು ಮಾಡಿದ್ದರೆ ಇನ್ನೊಂದು ರಗಳೆ: ಶಾಯಿ ಕಾಗದಕ್ಕೆ ತಾಗದೆ ಮೊದಲ ಗೆರೆಯೇ ಮೂಡುವುದಿಲ್ಲ.

ಇನ್ನು ಬರೆದು ನೋಡುವುದು. ಬರೀ ಸಹಿ ಸಾಲದು. ಕನ್ನಡಿಗರಿಗೆ ಇಲ್ಲೊಂದು ಅನುಕೂಲ: ಜ, ಞ, ಣ, ಕ್ಷ ಬರೆದರೆ ನಿಬ್ಬು ಎಲ್ಲ ದಿಕ್ಕಿಗೂ ತಿರುಗುತ್ತದೆ. ಕೆಳಕ್ಕೆ ಸಲೀಸು, ಮೇಲಕ್ಕೆ ಕರಕರ ಎಂದರೆ ಬೇರೆ ನಿಬ್ಬು ಕೇಳಬೇಕು. ಒತ್ತಬಾರದು, ಪೆನ್ನಿನ ಭಾರವೇ ಸಾಕು. ಶಾಯಿಯಲ್ಲಿ ಅದ್ದಿ ಬರೆದಾಗ ನಯ ಗೊತ್ತಾಗುತ್ತದೆ, ಶಾಯಿಯ ಹರಿವಲ್ಲ. ಅದಕ್ಕೆ ತುಂಬಿಸಿಯೇ ಬರೆಯಬೇಕು.

ಗೆರೆಯ ದಪ್ಪವನ್ನೂ ನೋಡಬೇಕು: ಜಪಾನಿನ ಪೈಲಟ್, ಸೈಲರ್ ಕಂಪನಿಗಳ ‘ಫೈನ್’ ನಿಬ್ಬು ಸಾಮಾನ್ಯವಾಗಿ ಯುರೋಪಿನದಕ್ಕಿಂತ ಸಣ್ಣ. ಒತ್ತಕ್ಷರ ಮೆತ್ತಿಕೊಳ್ಳಬಾರದು ಎನ್ನುವವರಿಗೆ ಅದೇ ಮೇಲು.

ಆನ್‌ಲೈನ್‌ನಲ್ಲಿ ಕೊಳ್ಳುವವರು ನಿಬ್ಬು ಬದಲಿಸಿಕೊಡುತ್ತಾರೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.