ಗೂಡಿನಿಂದ ಗಿರಣಿಯವರೆಗೆ: ರೇಷ್ಮೆ ಸೀಮೆಯ ವಾಸ್ತು

ವಸ್ತ್ರೋದ್ಯಮದ ವಾಸ್ತು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಘಟಪ್ರಭೆಯ ಜಲಪಾತದ ಬಳಿ ನೀರಿನ ಬಲವನ್ನು ನೆಚ್ಚಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎದ್ದ ಗೋಕಾಕದ ಗಿರಣಿ, ಇಲ್ಲವೆ ಬೆಂಗಳೂರಿನ ಬಿನ್ನಿ ಮಿಲ್ಲು. ಒಂದೇ ಆವರಣದೊಳಗೆ ಸಾವಿರಾರು ಕೈಗಳ ದುಡಿಮೆಯನ್ನು ಕೂಡಿಸಿಕೊಂಡ ಮಹಾಶಾಲೆಗಳು ಅವು. ರಾಮನಗರ ಸೀಮೆಯ ರೇಷ್ಮೆಗೆ ಅಂತಹ ಏಕಚ್ಛತ್ರವಿಲ್ಲ. ಇಲ್ಲಿನ ಗಿರಣಿಯ ಒಂದು ಕೋಣೆ ಕೂಟಗಲ್ಲಿನ ರೈತನ ಹುಳುಮನೆಯಲ್ಲಿದ್ದರೆ ಇನ್ನೊಂದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿದೆ. ಮತ್ತೊಂದು ಪೇಟೆಯ ಓಣಿಯ ಫಿಲೇಚರಿನಲ್ಲಿ, ಎಂದರೆ ಗೂಡಿನಿಂದ ನೂಲು ಬಿಚ್ಚುವ ಶಾಲೆಯಲ್ಲಿ, ಇದೆ. ಚದುರಿದ ಈ ಕೋಣೆಗಳನ್ನು ಒಂದೊಂದಾಗಿ ಹೊಕ್ಕು ನೋಡಿದವರಿಗೆ, ಇವುಗಳ ಗೋಡೆ, ಕಿಟಕಿ, ಛಾವಣಿಗಳನ್ನು ನಿರ್ಣಯಿಸಿದವು ಹುಳುವಿನ ಸ್ವಭಾವ ಮತ್ತು ಎಳೆಯ ಗುಣಗಳೆಂಬುದು ಮನವರಿಕೆಯಾಗದಿರದು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುವನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ನೆಲೆ ಕಲ್ಪಿಸಿದನು. ಮುಂದೆ ಜಮ್‌ಷೇಟ್‌ಜಿ ಟಾಟಾ ಅವರು ಜಪಾನಿನ ಪದ್ಧತಿಯನ್ನು ಬೆಂಗಳೂರಿಗೆ ಬರಮಾಡಿಕೊಂಡರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಅದೇ ದಶಕದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರ ಮಾರ್ಗದರ್ಶನದಲ್ಲಿ ಚನ್ನಪಟ್ಟಣವು ಸಂಸ್ಥಾನದ ರೇಷ್ಮೆ ಪ್ರಯೋಗಗಳ ಕೇಂದ್ರವಾಯಿತು. ಹೀಗೆ ಬಂಗಾಳ, ಜಪಾನು, ಇಟಲಿಗಳ ವಿದ್ಯೆ ಈ ಬಂಡೆಗಳ ನಾಡಿನ ಮಣ್ಣುಗೋಡೆ, ಚಪ್ಪಡಿ ಕಲ್ಲುಗಳೊಡನೆ ಹೊಂದಿಕೊಂಡು ಬೆಳೆಯಿತು.

ತಿಮ್ಮಪ್ಪನ ಬೆಟ್ಟದ ಆಸುಪಾಸಿನ ಕೂಟಗಲ್ ಹೋಬಳಿಯಲ್ಲಿ, ಸುತ್ತಣ ಸೀಮೆಯಲ್ಲೆಲ್ಲ ಇದ್ದಂತೆಯೇ, ಮೊದಲು ಮನುಷ್ಯರೂ ಹುಳುಗಳೂ ಒಂದೇ ಸೂರಿನಡಿ ಬಾಳಿದವರು. ನಡುಮನೆಯಲ್ಲಿ ಅಟ್ಟಣಿಗೆ ಕಟ್ಟಿ, ಇರುವೆ ಹತ್ತದಂತೆ ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿರಿಸಿ, ತಟ್ಟೆಯ ಮೇಲೆ ತಟ್ಟೆ ಪೇರಿಸುತ್ತಿದ್ದರು. ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖವೂ ಹೆಚ್ಚಿನ ತೇವವೂ ಬೇಕು. ನಾಲ್ಕನೆಯ ಜ್ವರದಿಂದ, ಎಂದರೆ ಪೊರೆ ಕಳಚುವ ನಿದ್ರೆಯಿಂದ, ಎದ್ದ ಹುಳುವಿಗಾದರೋ ಅದಕ್ಕಿಂತ ತಂಪಾದ, ಗಾಳಿಯಾಡುವ ಸ್ಥಳ ಬೇಕು. ಆದಕಾರಣ ಇಂದಿನ ಪ್ರತ್ಯೇಕ ಹುಳುಮನೆಯನ್ನು ಪೂರ್ವಪಶ್ಚಿಮವಾಗಿ ಉದ್ದಕ್ಕೆ ಕಟ್ಟಿ, ಬಿಸಿಲು ಗೋಡೆಗೆ ತಾಗದಂತೆ ಸೂರನ್ನು ಮುಂಚಾಚಿ, ಗಾಳಿಗಂಡಿಗಳನ್ನು ಮೇಲೂ ಕೆಳಗೂ ಇಡುತ್ತಾರೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದ ಹಾವಳಿಯಿಂದಾಗಿ ಕಿಟಕಿಬಾಗಿಲುಗಳಿಗೆ ಸೊಳ್ಳೆಪರದೆಯಂತಹ ಬಲೆಯೂ ಬಂದಿತು.

ಜಗುಲಿಯ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಹಣ್ಣಾದ ಹುಳುಗಳನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟಮೇಲೆ ಅದನ್ನು ಜಗುಲಿಯ ಸೂರಿನಡಿ ಓರೆಯಾಗಿ ಒರಗಿಸುವುದು ವಾಡಿಕೆ. ಗೂಡು ಕಟ್ಟುವ ಆ ದಿನಗಳಲ್ಲಿ ತೇವ ಹೆಚ್ಚಿದರೆ ಗೂಡಿನ ಎಳೆ ಮುಂದೆ ಸರಾಗವಾಗಿ ಬಿಚ್ಚಿಕೊಳ್ಳದೆ ನಡುವೆ ತುಂಡಾಗುತ್ತದೆ. ಅಗಲವಾದ ಒಣ ಜಗುಲಿಯಿಂದ ನೂಲು ತೆಗೆಯುವವನಿಗೆ ಆಗುವ ಉಪಕಾರ ಅಲ್ಪವಲ್ಲ.

ಗೂಡು ಜೀವಂತ ಸರಕು. ಹತ್ತು ಹನ್ನೆರಡು ದಿನ ಕಳೆದರೆ ಚಿಟ್ಟೆ ಅದನ್ನು ತೂತುಮಾಡಿ ಹೊರಬರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಯು ಬಿಸಿಲು ಮಳೆಗಳನ್ನು ತಡೆಯುತ್ತಲೇ ಗಾಳಿಗೆ ದಾರಿ ಬಿಡುವ ವಿಶಾಲ ಅಂಗಣವಾಗಿರುವುದು ಇದೇ ಕಾರಣಕ್ಕೆ. ಹಳದಿ ಛಾಯೆಯ ಮಿಶ್ರತಳಿ, ಶುಭ್ರಶ್ವೇತ ದ್ವಿತಳಿ ಗೂಡುಗಳ ರಾಶಿಗಳು ಅಲ್ಲಿಗೆ ಬಂದ ದಿನವೇ ಹರಾಜಾಗುತ್ತವೆ.

ಫಿಲೇಚರಿನ ಕಟ್ಟಡವೇ ಈ ಪರಂಪರೆಯ ಹೃದಯ. ಹಳೆಯ ಚರಕದಲ್ಲಿ ಒಂದೇ ಒಲೆ, ಒಂದೇ ಬಾಣಲೆ. ಗೂಡು ಬೇಯುವುದೂ ಎಳೆ ಬಿಚ್ಚುವುದೂ ಅದರಲ್ಲಿಯೇ. ಅದಕ್ಕೆ ಹೊಗೆ ಹೋಗಲು ಚಿಮಣಿಯುಳ್ಳ ಒಂದು ಕೊಟ್ಟಿಗೆ ಸಾಕಾಗಿತ್ತು. ಕಾಟೇಜ್ ಬೇಸಿನ್ ಬಂದಾಗ ಬೇಯಿಸುವ ಕೆಲಸ ಬೇರೆಯಾಯಿತು. ಬೇಸಿನ್ನಿನ ಮುಂದೆ ಕುಳಿತ ಹೆಣ್ಣುಮಗಳು ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ತುದಿಗಳನ್ನು ಹಿಡಿದು, ಒಂದಾಗಿ ಕೂಡಿಸಿ, ಗುಂಡಿಯ ಸಣ್ಣ ರಂಧ್ರದಲ್ಲಿ ತೂರಿಸುತ್ತಾಳೆ. ಎಳೆ ತನ್ನ ಮೇಲೆ ತಾನೇ ಸುತ್ತಿಕೊಂಡು, ನೀರನ್ನು ಹಿಂಡಿಕೊಂಡು, ಚಿಕ್ಕ ರಾಟೆಗೆ ಏರುತ್ತದೆ. ಗೂಡೊಂದು ಮುಗಿದೊಡನೆ ಅವಳ ಬೆರಳು ಮತ್ತೊಂದು ಗೂಡಿನ ತುದಿಯನ್ನು ಅಲ್ಲಿಗೆ ಎಸೆಯಬೇಕು. ಅರೆಗಳಿಗೆ ತಡವಾದರೂ ನೂಲು ತೆಳುವಾಗುತ್ತದೆ. ಕಣ್ಣಿಗೆ ಕಂಡೂ ಕಾಣದಂತಿರುವ ಆ ಎಳೆಗಾಗಿಯೇ ಕಿಟಕಿಗಳು ದೊಡ್ಡವು, ಆವಿ ಮೇಲೇರಿ ಹೋಗಲೆಂದೇ ಛಾವಣಿ ಎತ್ತರ. ಚಿಕ್ಕ ರಾಟೆಯ ನೂಲನ್ನು ದೊಡ್ಡ ರಾಟೆಗೆ ಮರುಸುತ್ತುವಾಗ ಮಾತ್ರ ತೇವ ಕೂಡದು. ತೇವವಿದ್ದರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಹೀಗಾಗಿ ಹಸಿಯ ಕೋಣೆ, ಒಣ ಕೋಣೆ ಎಂಬ ವಿಭಾಗವು ಕಟ್ಟಡದ ವಿನ್ಯಾಸಕ್ಕೆ ಮೂಲವಾಯಿತು. ಬಾಯ್ಲರ್ ಬಂದಮೇಲೆ ಬೆಂಕಿ ಹೊರಗಿನ ಪ್ರತ್ಯೇಕ ಮನೆಗೆ ಸರಿಯಿತು. ಸ್ವಯಂಚಾಲಿತ ಯಂತ್ರ ಬಂದಾಗ ಶಾಲೆಯೇ ನೀಳವಾಯಿತು.

ಇಷ್ಟೆಲ್ಲ ಆದಮೇಲೂ ಉಳಿಯುವ ಜೂಟು ಎಂಬ ತ್ಯಾಜ್ಯ ಎಳೆ, ಚಿಟ್ಟೆ ಹೊರಟ ತೂತುಗೂಡು ಇವುಗಳಿಗೂ ಗತಿಯುಂಟು. 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಸ್ಥಾಪಿತವಾದ ಸ್ಪನ್ ಸಿಲ್ಕ್ ಮಿಲ್ಲು ಹುಟ್ಟಿದ್ದೇ ಇದಕ್ಕಾಗಿ: ಅಂಟನ್ನು ಕಳೆದು, ಬಾಚಿ, ಹಿಂಜಿ, ಉಣ್ಣೆಯಂತೆ ನೂಲುವ ಯಂತ್ರಗಳ ಸಾಲು ಈ ಕೆಲಸಕ್ಕೆ ಅವಶ್ಯ. ಮನೆಯ ಅಳತೆಯಿಂದ ಹೊರಟ ವಾಸ್ತು ಇಲ್ಲಿ ನಿಜಾರ್ಥದಲ್ಲಿ ಗಿರಣಿಯ ಅಳತೆಗೆ ಮುಟ್ಟಿತು.

ದೇವಾಲಯದ ಶಿಲ್ಪವನ್ನು ಕಾಪಾಡಬೇಕೆಂಬ ಅರಿವು ನಮ್ಮಲ್ಲಿ ಮೂಡಿದೆ. ದುಡಿಮೆಯ ಶಿಲ್ಪದ ವಿಷಯದಲ್ಲಿ ಅದಿನ್ನೂ ಮೂಡಬೇಕು. ಚರಕದ ಕೊಟ್ಟಿಗೆಯೊಂದನ್ನು, ಬೇಸಿನ್ನುಗಳಿರುವ ಹಳೆಯ ಫಿಲೇಚರೊಂದನ್ನು, ಅಟ್ಟಣಿಗೆಯ ನಡುಮನೆಯೊಂದನ್ನು ಅವು ಇರುವಂತೆಯೇ ಅಳೆದು, ನಕ್ಷೆ ಬರೆದು, ಅಲ್ಲಿ ದುಡಿದವರ ಮಾತುಗಳೊಡನೆ ದಾಖಲಿಸುವುದು ದೊಡ್ಡ ವೆಚ್ಚದ ಕಾರ್ಯವೇನೂ ಅಲ್ಲ. ನಮ್ಮ ವಾಸ್ತುಶಿಲ್ಪ ವಿದ್ಯಾಲಯಗಳೂ ರೇಷ್ಮೆ ಇಲಾಖೆಯೂ ಕೂಡಿ ಈ ಕೆಲಸವನ್ನು ಕೈಗೊಳ್ಳಬೇಕು. ಮನೆಯಲ್ಲಿ ಹಳೆಯ ಚರಕ, ಚಂದ್ರಿಕೆಗಳನ್ನುಳ್ಳ ಓದುಗರು ಅವನ್ನು ಸೌದೆಗೆ ಹಾಕದೆ ಉಳಿಸಿಕೊಳ್ಳಬೇಕು.