ಒಣನಾಡಿನ ಮರದ ಹೂ

ಹೂವಿನಹಡಗಲಿ ಎಂದೊಡನೆ ಮಲ್ಲಿಗೆಯ ಕಂಪು ನೆನಪಾಗುವುದು ಸಹಜ. ಆ ಮಲ್ಲಿಗೆಯನ್ನು ರೈತರು ನೆಟ್ಟು, ನೀರೆರೆದು ಬೆಳೆಸುತ್ತಾರೆ. ಯಾರೂ ನೆಡದೆ, ಯಾರೂ ನೀರೆರೆಯದೆ, ಮರದ ಕೊಂಬೆಯ ಮೇಲೆ ತಾನಾಗಿ ಅರಳುವ ಹೂವೂ ನಮ್ಮ ಒಣನಾಡಿನಲ್ಲಿ ಉಂಟು. ಅದು ಆರ್ಕಿಡ್, ಮಲೆನಾಡಿನವರು ಸೀತಾಳೆ ಎಂದು ಕರೆಯುವ ಬಳಗ.

ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ದೇಶದಲ್ಲಿ 1,256 ಬಗೆಯ ಆರ್ಕಿಡ್‌ಗಳಿವೆ. ಅವುಗಳಲ್ಲಿ 388 ಬೇರೆಲ್ಲಿಯೂ ಕಾಣಸಿಗವು. ಹಿಮಾಲಯ, ಈಶಾನ್ಯ ಪ್ರಾಂತ ಮತ್ತು ಪಶ್ಚಿಮ ಘಟ್ಟಗಳೇ ಇವುಗಳ ತವರು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಾದರೋ ಮಳೆ ಕಡಿಮೆಯ, ಕುರುಚಲು ಕಾಡಿನ ಸೀಮೆ. ಇಂತಹ ಕಡೆ ಬಗೆಗಳು ಕೆಲವೇ. ಆದ್ದರಿಂದಲೇ ಒಂದೊಂದೂ ಅಮೂಲ್ಯ.

ದಖ್ಖನ್ನಿನ ಒಣಭೂಮಿಗೆ ಚೆನ್ನಾಗಿ ಹೊಂದಿಕೊಂಡದ್ದು ವಾಂಡಾ ಟೆಸೆಲೇಟಾ. ಹಳೆಯ ಮಾವು, ಹಿಪ್ಪೆ, ಹುಣಿಸೆಗಳ ತೊಗಟೆಗೆ ಬೇರೂರಿ, ಬೇಸಿಗೆಯಲ್ಲಿ ಕಂದುಗೆರೆಗಳ ಜಾಲವಿರುವ ಹಳದಿ-ಹಸಿರು ಹೂಗಳನ್ನು ಬಿಡುತ್ತದೆ. ತುಟಿಯೆಸಳು ನೇರಳೆ, ಕಂಪು ಮಧುರ. ವಾಂಡಾ ಎಂಬ ಹೆಸರು ನಮ್ಮ ಸಂಸ್ಕೃತದ್ದೇ. ಪಂಡಿತ ವಿಲಿಯಂ ಜೋನ್ಸ್ ಅದನ್ನು ಸಸ್ಯಶಾಸ್ತ್ರಕ್ಕೆ ತಂದರು.

ಇದನ್ನು ಬದನಿಕೆಯೆಂದು ಭಾವಿಸಿ ಕಿತ್ತೊಗೆಯುವವರಿದ್ದಾರೆ. ಇದು ಸಲ್ಲದು. ಬದನಿಕೆ ಮರದೊಳಗೆ ಬೇರಿಳಿಸಿ ಅದರ ರಸ ಹೀರುತ್ತದೆ. ಆರ್ಕಿಡ್ ಮರದಿಂದ ಆಸರೆಯನ್ನು ಮಾತ್ರ ಪಡೆಯುತ್ತದೆ, ಆಹಾರವನ್ನಲ್ಲ. ಅದರ ಬೇರಿನ ಮೇಲಿರುವ ಬಿಳಿಯ ಬೆಂಡಿನಂತಹ ಪದರವು ಮಳೆಹನಿ, ಇಬ್ಬನಿಗಳನ್ನು ಹೀರಿ ಹಿಡಿದಿಡುತ್ತದೆ. ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು, ನೀರನ್ನು ಉಳಿಸಿಕೊಳ್ಳುತ್ತದೆ. ಮಿತವ್ಯಯದ ಬದುಕಿಗೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕೆ? ಹ್ಯಾಬನೇರಿಯಾ, ಯೂಲೋಫಿಯಾ ಮುಂತಾದ ನೆಲದ ಆರ್ಕಿಡ್‌ಗಳು ಬೇಸಿಗೆಯಿಡೀ ಗೆಡ್ಡೆಯಾಗಿ ಮಣ್ಣಿನಲ್ಲಿ ಮಲಗಿದ್ದು, ಮಳೆಗಾಲದೊಡನೆ ಮೇಲೇಳುತ್ತವೆ.

ಇಷ್ಟು ಗಟ್ಟಿಗನಾದ ಈ ಸಸ್ಯದ ಸಂತಾನ ಮಾತ್ರ ಬಹು ನಾಜೂಕು. ಬೀಜ ಧೂಳಿನಷ್ಟು ಸಣ್ಣದು. ಒಳಗೆ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರದ ನೆರವು ದೊರೆತಲ್ಲಿ ಮಾತ್ರ ಮೊಳೆಯುತ್ತದೆ. ಸಾವಿರಾರು ಬೀಜಗಳಲ್ಲಿ ಬದುಕುವುದು ಕೆಲವೇ. ಹೂಬಿಡಲು ವರ್ಷಗಳು ಬೇಕು. ಆದುದರಿಂದ ಒಂದು ಮುದಿ ಮರ ಉರುಳಿದರೆ ಅದರ ಮೇಲಿನ ದಶಕಗಳ ಸಂಸಾರವೇ ಉರುಳಿದಂತೆ. ರಸ್ತೆ ಅಗಲೀಕರಣ, ಹಳೆಯ ತೋಪುಗಳ ಮಾರಾಟ, ಬೇಸಿಗೆಯ ಕಾಡ್ಗಿಚ್ಚು, ಔಷಧಿಗಾಗಿ ಬುಡಸಹಿತ ಕೀಳುವಿಕೆ ಇವೇ ಇದರ ಶತ್ರುಗಳು. ಕೆಲವು ಪ್ರಾಂತಗಳಲ್ಲಿ ವಾಂಡಾದ ಬೇರನ್ನು ರಾಸ್ನೆಯೆಂದು ಬಳಸುತ್ತಾರೆ. ನಮ್ಮಲ್ಲಿ ರಾಸ್ನೆಯೆಂದು ಬಳಕೆಯಲ್ಲಿರುವ ದುಂಪರಾಸ್ಮಿಯನ್ನು ತೋಟದಲ್ಲೇ ಬೆಳೆಯಬಹುದಾಗಿದೆ.

ಸಮಸ್ತ ಆರ್ಕಿಡ್ ಕುಲವೂ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿದೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯೂ ಇದೆ. ಆದರೆ ಕಾಯಿದೆ ಊರಿನ ಪ್ರತಿ ಮರದ ಬಳಿ ನಿಲ್ಲಲಾರದು, ನಿಲ್ಲಬೇಕಾದವರು ಊರವರು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ ಇದಕ್ಕೆ ಸಾಕ್ಷಿ. ಹಕ್ಕಿಗಳ ಆಶ್ರಯವಾಗಿ ಉಳಿದ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಕೂಡ್ಲಿಗಿಯ ಗುಡೇಕೋಟೆಯಲ್ಲಿ ಕರಡಿಗಾಗಿ ಕಾದಿರಿಸಿದ ಕಾಡು, ಕರಡಿಯೊಡನೆ ಗಿಡಗಂಟಿಗಳನ್ನೂ ಕಾಯುತ್ತಿದೆ.

ಮನೆಮಂದಿ ಮಾಡಬಹುದಾದದ್ದು ಸ್ವಲ್ಪವಲ್ಲ. ಗುಡಿ, ಮಠ, ಹೊಲದಂಚುಗಳ ಹಳೆಯ ಮರಗಳನ್ನು ಉಳಿಸಬೇಕು. ಮರದ ಮೇಲಿನ ಗಿಡವನ್ನು ಕಿತ್ತು ಕುಂಡಕ್ಕೆ ತರಬಾರದು. ಕೊಂಬೆ ಮುರಿದು ಬಿದ್ದರೆ, ಅದರ ಮೇಲಿನ ಗಿಡವನ್ನು ಬೇರು ಹರಿಯದಂತೆ ಬಿಡಿಸಿ, ಸಮೀಪದ ಅದೇ ಜಾತಿಯ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಬೇಕು. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಅಂಥ ಮರಗಳನ್ನು ಬರೆಯಿಸಬೇಕು. ಮಕ್ಕಳಿಗೆ ಹೂವನ್ನು ಕೀಳದೆ ನೋಡಿ ಆನಂದಿಸುವುದನ್ನು ಕಲಿಸಬೇಕು.

ನೆರಳಿಗೂ ಹಣ್ಣಿಗೂ ಹಿರಿಯರು ನೆಟ್ಟ ಮರಗಳು ಈ ಹೂವಿಗೂ ಮನೆಯಾಗಿವೆ. ಇವುಗಳನ್ನು ಮುಂದಿನ ಪೀಳಿಗೆಗೆ ಒಪ್ಪಿಸುವುದು ನಮ್ಮೆಲ್ಲರ ಹೊಣೆ.